ಸಿಗರೇಟು ಬಿಟ್ಟ ಮೇಸ್ತ್ರಿಯ ರಿಪೋರ್ಟು

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ದರ್ಜಿಗೆ, ಬೇಡವೆಂದರೂ ಪಕ್ಕದ ಬೆಂಚಿನ ಮಾತು ಕಿವಿಗೆ ಬಿತ್ತು. ಅಂಗೈಯೆಲ್ಲ ಸಿಮೆಂಟಿಗೆ ಬಿರಿದಿದ್ದ ಗಾರೆ ಮೇಸ್ತ್ರಿಯೊಬ್ಬ ಕಣ್ಣು ಮುಚ್ಚಿ ಕೂತಿದ್ದ. ಅವನ ಸೊಸೆ ರಿಪೋರ್ಟು ಬಿಚ್ಚಿದಳು.

“ಮಾವ, ಮೂವತ್ತೊಂದು ಇದ್ದದ್ದು ನಲವತ್ತಮೂರಕ್ಕೆ ಏರಿದೆ!”

“ಏರಿತಾ? ಮುಗೀತು ಬಿಡಮ್ಮ. ಎಂಟು ತಿಂಗಳು ಸಿಗರೇಟು ಮುಟ್ಟದೆ ಇದ್ದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಅಯ್ಯೋ, ಇದು ಒಳ್ಳೇ ಕೊಲೆಸ್ಟ್ರಾಲ್, ಏರಲೇಬೇಕು! ರಕ್ತನಾಳದ ಕೊಬ್ಬನ್ನ ಗುಡಿಸಿ ಸಾಗಿಸೋದೇ ಇದಂತೆ. ಸಿಗರೇಟು ಇದನ್ನೇ ತಗ್ಗಿಸುತ್ತೆ ಅಂತ ಡಾಕ್ಟರು ಹೇಳಿರಲಿಲ್ವಾ?”

“ಮತ್ತೆ ಕೆಟ್ಟದ್ದು?”

“ಅದು ಇಳಿದಿದೆ.”

“ಇನ್ನೊಂದ್ಸಲ ಓದು.”

ಸೊಸೆ ಮತ್ತೆ ಓದಿದಳು. ಮೇಸ್ತ್ರಿ ಕಣ್ಣು ಬಿಟ್ಟ.

“ಮೂವತ್ತು ವರ್ಷದ ಚಟ ಕಣಮ್ಮ. ಹಾರ್ಟ್ ಅಟ್ಯಾಕ್ ಆದ್ಮೇಲೆ ಇನ್ನು ಸೇದಲ್ಲ ಅಂದಾಗ ಬೀದಿಯವರೆಲ್ಲ ನಕ್ಕಿದ್ರು, ನಾಯಿ ಬಾಲ ಡೊಂಕು ಅಂತ.”

“ನಿಮ್ಮ ಮಗನೂ ನಕ್ಕಿದ್ರು. ಅಪ್ಪ ಎಂಟು ದಿನಾನೂ ತಡೆಯಲ್ಲ ಅಂದ್ರು.”

“ನೀನೇನಂದೆ?”

“ನಾನು ಬಾಜಿ ಕಟ್ಟಿದೆ ಮಾವ, ಎಂಟು ತಿಂಗಳ ರಿಪೋರ್ಟಲ್ಲಿ ನೀವೇ ಗೆಲ್ತೀರ ಅಂತ. ಸೋತವರು ಒಂದು ತಿಂಗಳು ಮನೆ ಪಾತ್ರೆಯೆಲ್ಲ ತೊಳೀಬೇಕು.”

ಮೇಸ್ತ್ರಿ ನಕ್ಕ ನಗುವಿಗೆ ಸೂಜಿ ಹಿಡಿದಿದ್ದ ನರ್ಸೂ ತಿರುಗಿ ನೋಡಿದಳು. ದರ್ಜಿಗೂ ನಗು ತಡೆಯಲಾಗಲಿಲ್ಲ.

“ಏಳಮ್ಮ, ಬೇಗ ನಡಿ,” ಎಂದು ಮೇಸ್ತ್ರಿ ಬಾಗಿಲತ್ತ ಹೊರಟೇಬಿಟ್ಟ. “ಅವನು ಕೆಲಸದಿಂದ ಬರೋದರೊಳಗೆ ಅಟ್ಟದ ಮೇಲಿನ ಪಾತ್ರೇನೂ ಇಳಿಸೋಣ.”