ಹನಿ ನೀರೂ ಇಳಿಯದ ಗೋರಿ

ಮಾನ್ಯ ಅಧ್ಯಕ್ಷರಾದ ರುಗೈಮುಕಾಮು ಅವರೇ, ಪೂಜ್ಯ ಪಾದ್ರಿಗಳೇ, ಕಾಫಿ ಬೀಜ ಜಗಿಯುತ್ತಾ ಕೂತಿರುವ ಸಭಿಕರೇ, ಮೊದಲ ಸಾಲಿನಲ್ಲಿದ್ದೂ ನನ್ನತ್ತ ನೋಡದ ನನ್ನ ತಾಯಿಯೇ,

ಗೋರಿಗೆ ಟೈಲ್ಸ್ ಹಾಕುವ ಮೇಸ್ತ್ರಿಗೂ ಸನ್ಮಾನವೇ? ನಮ್ಮ ಶವಸಂಸ್ಕಾರ ಸಂಘದ ಪ್ರಶಸ್ತಿಪತ್ರದಲ್ಲಿ "ಇವರು ಕಟ್ಟಿದ ಗೋರಿಯೊಳಗೆ ಹನಿ ನೀರೂ ಇಳಿಯದು" ಎಂದು ಬರೆದಿದ್ದೀರಿ. ನಮ್ಮ ಮನೆ ಕೆಟ್ಟದ್ದೇ ಅದರಿಂದ.

ಹಿಂದೆ ಸತ್ತವರನ್ನು ನಾರುಬಟ್ಟೆಯಲ್ಲಿ ಸುತ್ತಿ ಬಾಳೆತೋಟದಲ್ಲೇ ಮಣ್ಣು ಮಾಡುತ್ತಿದ್ದೆವು. ಬಾಳೆಹಣ್ಣಿನ ಹೆಂಡ ಮಾಡಿದ ದಿನ ಮೊದಲ ಗುಟುಕು ಆ ಮಣ್ಣಿಗೆ, ಒಳಗೆ ಮಲಗಿದ ಹಿರಿಯರಿಗೆ. ಈಗ ಪೆಟ್ಟಿಗೆ ಬಂತು, ಸಿಮೆಂಟು ಬಂತು, ಟೈಲ್ಸ್ ಬಂತು. ಗೋರಿಗೆ ಹೆಂಡ ಸುರಿಯಕೂಡದೆಂಬ ಸಂಘದ ನಿಯಮವೂ ಬಂತು. ನಾನು ಬೇಡವೆಂದೆನೇ? ಇಲ್ಲ, ಕೈತುಂಬ ಕೆಲಸ ಸಿಗುತ್ತಿತ್ತಲ್ಲ!

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಮುಖ ಕಾಣುವಂಥ ನೀಲಿ ಟೈಲ್ಸ್ ಹಾಕಿದೆ. ಅಮ್ಮ ಹೆಂಡದ ಸೋರೆಬುರುಡೆ ತಂದು ಅದರ ಮೇಲೆ ಸುರಿದಳು. ಹೆಂಡವೆಲ್ಲ ಜಾರಿ ಪಕ್ಕದ ಮನೆಯ ಆಡಿನ ಪಾಲಾಯಿತು. ಪಾದ್ರಿಗಳೇ, ಅವತ್ತು ನಿಮ್ಮ ಅಂಗಳದಲ್ಲಿ ಕುಣಿದದ್ದು ಅದೇ ಆಡು.

"ಲೋ ಮುತಲೆಮ್ವಾ, ಐವತ್ತು ವರ್ಷ ಕುಡಿಸಿದೀನಿ ನಿಮ್ಮಪ್ಪಂಗೆ. ಅವರ ಬಾಯಿಗೇ ಬೀಗ ಹಾಕಿದೆಯಲ್ಲೋ! ಅವರು ಕುಡಿಯೋ ತನಕ ನನ್ನ ಹತ್ರ ಮಾತಾಡ್ಬೇಡ!"

ಅಮ್ಮ ನನ್ನೊಡನೆ ಆಡಿದ ಕೊನೆಯ ಮಾತು ಅದು. ಈಗ ಊಟಕ್ಕೆ ಕರೆಯುವುದೂ ನಾಯಿಯ ಮೂಲಕ. "ಬಾಳೆಕಾಯಿ ಬೆಂದಿದೆ, ಬುರುಡೆ ಖಾಲಿ ಮಾಡೋ ಆ ಕುಡುಕ ಮೇಸ್ತ್ರಿನ ಕರಿ" ಎನ್ನುತ್ತಾಳೆ. ಎರಡು ವರ್ಷ, ಸಭಿಕರೇ! ನಾಯಿಗೂ ಸಾಕಾಗಿದೆ.

ಅಮ್ಮ ಮಾತು ಬಿಟ್ಟ ವಾರವೇ ನಾನು ತಲೆಯ ಕಡೆಯ ಎರಡನೇ ಟೈಲ್ ಕಿತ್ತು, ಒಳಗೆ ಪೈಪು ಇಳಿಸಿ, ಗಾರೆ ಹಾಕದೆ ಮುಚ್ಚಿದೆ. ಅಮ್ಮನಿಗೆ ಹೇಳಲಿಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಂಘ ಕೆಲಸ ಕಿತ್ತುಕೊಂಡರೆ ಎಂದು ಹೆದರಿದೆ.

ಆಮೇಲೆ ಏನಾಯಿತು? ನೀವು ಒಬ್ಬೊಬ್ಬರೇ ಗುಟ್ಟಾಗಿ ಬಂದು, "ಮೇಸ್ತ್ರಿ, ಒಂಚೂರು ಸಂದು ಬಿಡಿ, ಯಾರಿಗೂ ಹೇಳ್ಬೇಡಿ" ಅಂದಿರಿ. ಮೂವತ್ತೊಂದು ಗೋರಿಗೂ ಬಿಟ್ಟಿದ್ದೇನೆ. ಅಧ್ಯಕ್ಷರೇ, ಹಾಗೆ ಕಣ್ಣು ಬಿಡಬೇಡಿ. ಹೋದ ತಿಂಗಳು "ನಮ್ಮಪ್ಪ ಜಾಸ್ತಿ ಕುಡೀತಿದ್ರು, ಪೈಪು ದಪ್ಪಗಿರಲಿ" ಅಂದವರು ಯಾರು?

ಸುಳ್ಳು ಬರೆದ ಈ ಪತ್ರ ನನಗೆ ಬೇಡ. ಕೆಲಸ ಹೋದರೂ ಹೋಗಲಿ. ಅಮ್ಮಾ, ತಲೆಯ ಕಡೆಯಿಂದ ಎರಡನೇ ಟೈಲ್. ಅಪ್ಪನಿಗೆ ಒಂದು ದಿನವೂ ಬಾಯಾರಿಲ್ಲ.

ಏನಮ್ಮಾ? ಯಾವ ಹೆಂಡ ಹಾಕಿದೆ ಅಂತಲಾ? ಸಭಿಕರೇ, ಕೇಳಿದಿರಾ, ನನ್ನನ್ನೇ ಕೇಳಿದಳು! ಅಂಗಡಿಯದಲ್ಲಮ್ಮ, ನಿನ್ನ ಬುರುಡೆಯದೇ. ನಾನು ಒಂದು ಗುಟುಕೂ ಮುಟ್ಟಿಲ್ಲ.

ನನ್ನ ಅಮ್ಮನನ್ನು ಮಾತಾಡಿಸಿದ ಈ ಸಭೆಗೆ ಕೈಮುಗಿಯುತ್ತೇನೆ. ನಮಸ್ಕಾರ.