ತಾತನ ಕೋವಿಗೆ ಹೊಸ ಹೊಳಪು

ಲೈಸೆನ್ಸ್ ಕಚೇರಿಯ ಸಾಲಿನಲ್ಲಿ ಕಾಯುತ್ತಿದ್ದ ದರ್ಜಿಯೊಬ್ಬನ ಮುಂದೆ ಭಾವ-ಭಾಮೈದ ನಿಂತಿದ್ದರು. ಕೇಳಬಾರದೆಂದರೂ ದರ್ಜಿಯ ಕಿವಿಗೆ ಬಾಗಿಲಿಲ್ಲವಲ್ಲ. ಭಾಮೈದನ ತಾತನ ಕೋವಿ ಚೀಲದೊಳಗೆ ಭಾವನ ಹೆಗಲಲ್ಲಿತ್ತು.

"ಭಾವ, ಮಾರೋಕೆ ಕೇಳಿದ್ರೆ ಕೋವಿ ಅಂಗಡಿಯವನು ಅರ್ಧ ಬೆಲೆ ಮಾತ್ರ ಅಂತಾನೆ."

"ಯಾಕಂತೆ? ಥಳಥಳ ಅಂತಿದೆಯಲ್ಲೋ!"

"ಅದಕ್ಕೇ ಅಂತೆ. ಉಜ್ಜಿ ಹೊಸ ಬಣ್ಣ ಹಾಕಿಸಿದ್ರಲ್ಲಿ, ಕೋವಿ ಮಾಡಿದ ಕಂಪನಿಯ ಗುರುತೂ ಸವೆದು ಹೋಗಿದೆ. ಕೊಳ್ಳೋರು ಹಳೇದನ್ನ ಹಳೇದಾಗೇ ಕೇಳ್ತಾರಂತೆ."

"ಹೋಗ್ಲಿ, ತಾತನ ಕೋವಿ ಹೊರಗಿನವರಿಗೆ ಯಾಕೆ? ಆ ಅರ್ಧ ನಾನೇ ಕೊಡ್ತೀನಿ." ಭಾವ ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿದ.

"ಹೊಳಪು ಹಾಕ್ಸು ಅಂದಿದ್ದೂ ನೀವೇ."

"ನಿನ್ನ ಒಳ್ಳೇದಕ್ಕೇ ಕಣೋ."

"ಮತ್ತೆ ನಿಮ್ಮ ಹಳೇ ಕೋವಿಗೆ ಬರೀ ಎಣ್ಣೆ ಸವರಿ ಇಟ್ಕೊಂಡ್ರಲ್ಲ, ಅದು ಯಾರ ಒಳ್ಳೇದಕ್ಕೆ?"

ಒಳಗಿನಿಂದ ಕರೆದರು. ಭಾಮೈದ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡು ಒಬ್ಬನೇ ಹೋದ.