ದೋಣಿಯವನ ಐದು ನಿಮಿಷ

ಇದನ್ನು ನನಗೆ ಮೊದಲು ಹೇಳಿದವರು ಅಕ್ಕನ ಗಂಡ, ಚಿತ್ರಗಳಿಗೆ ಚೌಕಟ್ಟು ಹಾಕುವ ನಮ್ಮ ಭಾವ. ದೇವರನ್ನು ನೆನೆಯದೆ ಅಂಗಡಿಯ ಬಾಗಿಲು ತೆಗೆದವರಲ್ಲ. ಸುಳ್ಳು ಅವರ ಬಾಯಿಗೆ ಬರುವುದಿಲ್ಲ.

ಅವರ ಗೆಳೆಯನೊಬ್ಬ ಚಿತ್ರಗಾರ. ಪೆನ್ಸಿಲು ಹಿಡಿದರೆ ಐದು ನಿಮಿಷದಲ್ಲಿ ಕಂಡದ್ದೆಲ್ಲ ಹಾಳೆಯ ಮೇಲೆ. ಮನುಷ್ಯರನ್ನು ಬರೆದರೆ ತಲೆಯಿಂದ ಶುರು, ಪಾದ ಕೊನೆಗೆ. ಒಂದು ಸಂಜೆ ಪೇಟೆಯ ಕಾಲುವೆಯನ್ನು ಬರೆಯುತ್ತಿದ್ದ. ಅಂಚಿನ ಕಲ್ಲಿನ ಮೇಲೆ ದೋಣಿಯವನೊಬ್ಬ ಹಗ್ಗ ಎಳೆಯುತ್ತ ನಿಂತಿದ್ದ.

"ಅಣ್ಣಾ, ಹಾಗೇ ನಿಲ್ಲು. ಐದೇ ನಿಮಿಷ."

"ಕಲ್ಲು ಅಲ್ಲಾಡ್ತಿದೆ ಸ್ವಾಮಿ."

"ಅದು ಅಲ್ಲಾಡ್ಲಿ, ನೀನು ಅಲ್ಲಾಡಬೇಡ!"

ದೋಣಿಯವ ನಕ್ಕು ನಿಂತ. ಚಿತ್ರ ಕಣಕಾಲಿಗೆ ಬಂದಿತ್ತು... ಕರ್ರ್ ಎಂದು ಕಲ್ಲು ಜರುಗಿತು. ಆಮೇಲೆ ದುಡುಮ್. ಮೇಲೆತ್ತುವಾಗ ಉಸಿರಿರಲಿಲ್ಲ.

ಬಿದ್ದದ್ದನ್ನು ಬೇರೆ ಯಾರೂ ನೋಡಿರಲಿಲ್ಲ. "ಕುಡಿದು ಬಿದ್ದಿರ್ತಾನೆ" ಎಂದರು ಜನ. ಚಿತ್ರಗಾರ ಹಾಳೆ ಮಡಚಿ ಜೇಬಿಗಿಟ್ಟ. ತುಟಿ ಬಿಚ್ಚಲಿಲ್ಲ. ಬೀದಿಯ ನಲ್ಲಿಯಲ್ಲಿ ಸತ್ತವನ ಹೆಂಡತಿಗೆ ದಿನಾ ಒಂದೇ ಮಾತು, "ಕುಡುಕನ ಹೆಂಡ್ತಿ ಬಂದ್ಲು."

ಚಿತ್ರಗಾರ ರಬ್ಬರಿನಿಂದ ಹಾಳೆಯ ಮೇಲಿನ ದೋಣಿಯವನನ್ನು ಅಳಿಸಿದ. ಬೆಳಿಗ್ಗೆ ನೋಡಿದರೆ ಇದ್ದಾನೆ... ಪಾದವಿಲ್ಲದೆ.

ವಾರ ಕಳೆದು ಭಾವನೂ ಅವನೂ ಹೊತ್ತು ಮೀರಿ ಅದೇ ಕಾಲುವೆಯ ದಾರಿಯಲ್ಲಿ ಮನೆಗೆ ಬರುತ್ತಿದ್ದರು. ಹಗ್ಗ ಬಿಗಿಯುವ ಸದ್ದು. ಕಿರ್... ಕಿರ್... ದೋಣಿ ಒಂದೂ ಇರಲಿಲ್ಲ. ಕಾಲುವೆಯ ಕಡೆಯಿಂದ ಮೆಲ್ಲಗೆ ಕೇಳಿತು:

"ಆಯ್ತಾ ಸ್ವಾಮಿ?"

"ಯಾರೋ ಅದು?" ಭಾವ ಪಿಸುಗುಟ್ಟಿದರು.

"ನಾನೇ ನಿಲ್ಲಿಸಿದ್ದು ಮಾರಾಯ... ಇನ್ನೂ ನಿಂತೇ ಇದ್ದಾನೆ."

ಎಲ್ಲವನ್ನೂ ಕೇಳಿ ಭಾವ ಅವನ ರಟ್ಟೆ ಹಿಡಿದರು. "ಮೊದಲು ಅವನ ಹೆಂಡತಿಗೆ ಹೇಳು. ನಡಿ."

ಆಕೆ ಅರ್ಧ ಬಾಗಿಲಲ್ಲೇ ನಿಂತು ಕೇಳಿದಳು. ಅಳಲಿಲ್ಲ. "ಅವರು ಕುಡೀತಿರಲಿಲ್ಲ, ನಂಗೆ ಗೊತ್ತು. ನಲ್ಲಿ ಹತ್ರ ಬಂದು ಹೇಳಿ."

ಬೆಳಿಗ್ಗೆ ಕೊಡಗಳ ಸಾಲಿನ ಮುಂದೆ ನಿಂತು ಹೇಳಿದ. ಉಗಿಸಿಕೊಂಡ. ಆಮೇಲೆ ಕಾಲುವೆಗೆ ಹೋಗಿ, "ಆಯ್ತು ಅಣ್ಣಾ... ಹೋಗು" ಎಂದ.

ಚಿತ್ರ ಈಗ ಭಾವನ ಅಂಗಡಿಯಲ್ಲಿದೆ. ಕಾಲುವೆಯಿದೆ, ಹಗ್ಗವಿದೆ, ದೋಣಿಯವನಿಲ್ಲ. ಕಲ್ಲಿನ ಮೇಲೆ ಎರಡು ಪಾದದ ಗುರುತು, ಪೆನ್ಸಿಲಿನದಲ್ಲ, ನೀರಿನದು. ಅದು ಒಣಗಿಲ್ಲವೆಂದು ಭಾವ ಇನ್ನೂ ಗಾಜು ಹಾಕಿಲ್ಲ. ದೇವರಾಣೆ, ನಾನೇ ಬೆರಳಿಟ್ಟು ನೋಡಿದ್ದೇನೆ.

ನೀವೂ ನಾಲ್ಕು ಜನರಿಗೆ ಹೇಳಿ. ಹೇಳುವಾಗ ದೆವ್ವದ ಮಾತು ಮರೆತರೂ ಸರಿಯೇ. ಅವನು ಕುಡಿದಿರಲಿಲ್ಲ ಅನ್ನುವುದನ್ನು ಮಾತ್ರ ಬಿಡಬೇಡಿ.